ಹೆಸರು ಹೇಳಬಾರದ ಹುಳ

ನನ್ನ ಮೆಡಿಕಲ್ ಕಾಲೇಜಿನ ಅರ್ಜಿಯಲ್ಲಿ ಒಂದೇ ಒಂದು ಸುಳ್ಳಿತ್ತು. ಅದನ್ನು ಬರೆದವಳು ನಾನಲ್ಲ, ರೈಟರ್ ಚಂದ್ರಯ್ಯ. ವನಗೂರಿನ ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುತ್ತಿದ್ದ ಅವರಿಗೆ ಇಂಗ್ಲಿಷ್ ಎಂದರೆ ತಮ್ಮ ಮನೆಯ ಹಿತ್ತಲು ಎಂಬ ಭಾವನೆ. ನನ್ನ ಅಬ್ಬ ಮುನೀರ್ ಅದೇ ಎಸ್ಟೇಟಿನ ಜೀಪು ಓಡಿಸುತ್ತಿದ್ದರು. ‘ತಂದೆಯ ಉದ್ಯೋಗ’ ಎಂಬ ಕಡೆ ನಾನು ‘ಡ್ರೈವರ್’ ಎಂದು ಬರೆಯಲು ಹೊರಟರೆ, ಚಂದ್ರಯ್ಯ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ದುಂಡಗೆ ‘ಟ್ರಾನ್ಸ್‌ಪೋರ್ಟ್’ ಎಂದು ಬರೆದುಬಿಟ್ಟರು.

“ಡ್ರೈವರ್ ಅಂದ್ರೆ ಒಬ್ಬ ಮನ್ಸ ಕಣಮ್ಮ ಮಸೂದಾ. ಟ್ರಾನ್ಸ್‌ಪೋರ್ಟ್ ಅಂದ್ರೆ ಒಂದ್ ಇಲಾಖೆ. ಯಾವ್ದು ದೊಡ್ದು ನೀನೇ ಹೇಳು.”

ಇದು ೧೯೬೧ರ ಮಾತು. ನಾನು ಹಾಸನದಲ್ಲಿ ಪಿಯುಸಿ ಮುಗಿಸಿದ್ದೆ. ನೂರಕ್ಕೆ ಅರವತ್ತೊಂದು ಬಂದಿತ್ತು. ಆಗ ಪರೀಕ್ಷೆಯ ಅಂಕದ ಜೊತೆಗೆ ಸಂದರ್ಶನಕ್ಕೂ ಅಂಕ ಕೊಟ್ಟು, ಎರಡನ್ನೂ ಕೂಡಿಸಿ ಪಟ್ಟಿ ಮಾಡುತ್ತಿದ್ದರು. ಬರೀ ಪರೀಕ್ಷೆಯ ಅಂಕ ನೋಡಿದರೆ ನನ್ನ ಹೆಸರು ಪಟ್ಟಿಯ ಬಾಲಕ್ಕೂ ಎಟುಕುತ್ತಿರಲಿಲ್ಲ. ಸಂದರ್ಶನದಲ್ಲಿ ಗೆದ್ದರೆ ಸೀಟು, ಇಲ್ಲವಾದರೆ ಇಲ್ಲ. ಮುಂದಿನ ವರ್ಷ ನೋಡೋಣ ಎನ್ನುವ ಮಾತಂತೂ ನಮ್ಮ ಮನೆಯಲ್ಲಿ ಇರಲೇ ಇಲ್ಲ. ಆಲೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಜೀರ್ ಎಂಬ ಹುಡುಗನನ್ನು ನನ್ನ ಅಮ್ಮಿ ಅಖ್ತರುನ್ನೀಸಾ ಆಗಲೇ ನೋಡಿಟ್ಟಿದ್ದರು. ಪಾಪ, ನಜೀರ್ ಒಳ್ಳೆಯವನೇ. ಅವನಿಗೆ ನನ್ನ ನಾಲಗೆಯ ಪರಿಚಯ ಆಗದೆ ಉಳಿದದ್ದು ಅವನ ಪುಣ್ಯ. ಒಂದು ಸಲ ಮೈಸೂರಿಗೆ ಕರೆದುಕೊಂಡು ಹೋಗಿ ಬರುತ್ತೇನೆ ಎಂದು ಅಬ್ಬ ಅಂದಾಗ ಅಮ್ಮಿ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ “ನೋಡಿ” ಅಂದರು. ಅಷ್ಟೇ ಸಾಕಾಯಿತು ನಮಗೆ.

ಸಕಲೇಶಪುರದ ನಮ್ಮ ಮನೆಯಿಂದ ಬಸ್ಸಿನಲ್ಲಿ ಹಾಸನಕ್ಕೆ, ಅಲ್ಲಿಂದ ರೈಲಿನಲ್ಲಿ ಮೈಸೂರಿಗೆ. ಅಬ್ಬ ಒಗೆದು ಇಸ್ತ್ರಿ ಮಾಡಿಸಿದ ಖಾಕಿ ಬಟ್ಟೆಯಲ್ಲೇ ಹೊರಟಿದ್ದರು. ಅವರ ಹತ್ತಿರ ಇದ್ದ ಒಳ್ಳೆಯ ಬಟ್ಟೆ ಅದೊಂದೇ. ಚಂದ್ರಯ್ಯನವರ ‘ಟ್ರಾನ್ಸ್‌ಪೋರ್ಟ್’ ಆ ಖಾಕಿಯಲ್ಲಿ ಎಷ್ಟು ಹೊತ್ತು ಬಾಳೀತು ಎಂದು ನನಗೆ ದಾರಿಯುದ್ದಕ್ಕೂ ಚಿಂತೆ. ಅದರ ಜೊತೆಗೆ ಅವರು ಬಾಯಿಪಾಠ ಮಾಡಿಸಿದ್ದ ಒಂದು ಇಂಗ್ಲಿಷ್ ವಾಕ್ಯವನ್ನು ಹೊಳೆನರಸೀಪುರ ದಾಟುವ ಹೊತ್ತಿಗೆ ನೂರು ಸಲ ಗುನುಗಿದ್ದೆ. ‘ನರಳುತ್ತಿರುವ ಮನುಕುಲದ ಸೇವೆಯೇ ನನ್ನ ಗುರಿ’ ಎಂಬುದು ಅದರ ಅರ್ಥ.

ಕಾಲೇಜು ನೋಡಿದ ಕೂಡಲೇ ಬಾಯಿ ಕಟ್ಟಿಹೋಯಿತು. ನಮ್ಮ ಕಡೆ ಅಷ್ಟು ಎತ್ತರ ಇದ್ದದ್ದು ಬೆಟ್ಟ ಮತ್ತು ಮರ ಮಾತ್ರ. ಮನುಷ್ಯರು ಕಟ್ಟಿದ್ದು ಇಷ್ಟೆತ್ತರ ಇರಬಹುದು ಎಂದು ನನಗೆ ಗೊತ್ತಿರಲಿಲ್ಲ. ಹುಡುಗರೆಲ್ಲ ಕಾಯುತ್ತಾ ನಿಂತಿದ್ದ ಮೊಗಸಾಲೆಯಲ್ಲಿ ಗಾಜಿನ ಬೀರು ಇತ್ತು, ಅದರೊಳಗೆ ಒಂದು ಜಾಡಿ. ಜಾಡಿಯ ನೀರಿನಲ್ಲಿ ಬೂದು ಬಣ್ಣದ ಗಡ್ಡೆಯಂಥದ್ದು ಏನೋ ಇತ್ತು. ಕೆಳಗಿನ ಚೀಟಿ ಓದಿ “ಮನುಷ್ಯನ ಹೃದಯ ಅಬ್ಬ” ಅಂದೆ.

ಅಬ್ಬ ತುಂಬ ಹೊತ್ತು ನೋಡಿದರು. ಆಮೇಲೆ ತಮ್ಮ ಬಲಗೈ ಮುಷ್ಟಿ ಕಟ್ಟಿ ಗಾಜಿನ ಪಕ್ಕ ಹಿಡಿದು ಅಳತೆ ನೋಡಿದರು. ಎರಡೂ ಒಂದೇ ಗಾತ್ರ. “ಸುಭಾನಲ್ಲಾ,” ಎಂದರು ಮೆಲ್ಲಗೆ. “ಇಷ್ಟೇ ಇಷ್ಟು. ಇಷ್ಟು ಇಡೀ ಮನ್ಸನ್ನ ಓಡಿಸ್ತದೆ, ಹುಟ್ಟಿದಾಗಿಂದ ಒಂದ್ ಸಲಾನೂ ನಿಲ್ಲದಂಗೆ.” ಮನೆಯಲ್ಲಿ ನಾವು ಉರ್ದು ಆಡುವವರು. ಆದರೆ ಮನೆಯ ಹೊಸಿಲು ದಾಟಿದರೆ ಅಬ್ಬನ ಬಾಯಿಗೆ ಬರುತ್ತಿದ್ದದ್ದು ಬೆಟ್ಟದ ಕನ್ನಡವೇ. ನನಗೆ ಮೈ ಜುಮ್ಮೆಂದಿತು. ಇಂಥದ್ದೊಂದು ನನ್ನೊಳಗೂ ಇದೆ, ಈಗ ಹೆದರಿ ಕುಣಿಯುತ್ತಿರುವುದು ಅದೇ ಎಂದು ನೆನೆದು ಇನ್ನಷ್ಟು ಹೆದರಿಕೆಯಾಯಿತು.

ನನ್ನ ಹೆಸರು ಕೂಗಿದರು.

ಒಳಗೆ ಮೂವರು. ನಡುವೆ ಬಿಳಿ ತಲೆಯ ಹಿರಿಯ ಡಾಕ್ಟರು. ಮದರಾಸಿನಲ್ಲಿ ಓದಿ ಅರ್ಧ ಆಯಸ್ಸು ಅಲ್ಲೇ ಕಳೆದು ಬಂದವರು ಎಂದು ಆಮೇಲೆ ತಿಳಿಯಿತು. ಎಡಕ್ಕೆ ಸೂಟು ತೊಟ್ಟ ಸರ್ಕಾರಿ ಅಧಿಕಾರಿ. ಬಲಕ್ಕೆ ಕನ್ನಡಕದ ಪ್ರೊಫೆಸರು, ಅವರು ಕೊನೆಯವರೆಗೂ ತುಟಿ ಬಿಚ್ಚಲಿಲ್ಲ. ಮಾತುಕತೆ ಎಲ್ಲ ಇಂಗ್ಲಿಷಿನಲ್ಲಿ.

“ನಿಮ್ಮ ತಂದೆಯದು ಟ್ರಾನ್ಸ್‌ಪೋರ್ಟ್ ವ್ಯವಹಾರ. ಎಷ್ಟು ಲಾರಿ ಇವೆ?” ಅಧಿಕಾರಿ ಕೇಳಿದರು.

“ಒಂದೂ ಇಲ್ಲ ಸರ್. ಅವರು ಜೀಪ್ ಡ್ರೈವರ್.”

“ಮತ್ತೆ ಇಲ್ಲಿ ಬರೆದಿರುವುದು?”

“ಅದು ರೈಟರು ಬರೆದದ್ದು ಸರ್.”

ಅಧಿಕಾರಿ ಕೆಂಪು ಪೆನ್ಸಿಲಿನಿಂದ ಆ ಪದಕ್ಕೆ ಸುತ್ತು ಹಾಕಿದರು. ಡಾಕ್ಟರ್ ಯಾಕೆ ಆಗಬೇಕು ಎಂದು ಅವರು ಕೇಳಿದ್ದೇ ತಡ, ಬಾಯಿಪಾಠದ ವಾಕ್ಯವನ್ನು ಒಂದೇ ಉಸಿರಿಗೆ ಒಪ್ಪಿಸಿದೆ. ಒಪ್ಪಿಸಿದ ಮೇಲೆ ಗೊತ್ತಾಯಿತು, ‘ಹ್ಯುಮ್ಯಾನಿಟಿ’ ಎನ್ನುವ ಕಡೆ ‘ಹ್ಯುಮಿಡಿಟಿ’ ಅಂದಿದ್ದೆ. ನರಳುತ್ತಿರುವ ಮನುಕುಲವನ್ನು ಬಿಟ್ಟು ನರಳುತ್ತಿರುವ ತೇವಾಂಶದ ಸೇವೆಗೆ ಹೊರಟಿದ್ದೆ. ಸಕಲೇಶಪುರದವಳು, ತೇವಾಂಶಕ್ಕೇನು ಬರವಿಲ್ಲ. ಆದರೂ ಆ ಕ್ಷಣ ನೆಲ ಬಾಯಿಬಿಟ್ಟರೆ ಸಾಕಪ್ಪ ಅನ್ನಿಸಿತು.

ಹಿರಿಯ ಡಾಕ್ಟರು ನಗಲಿಲ್ಲ. “ಅದು ಯಾರೋ ಕಲಿಸಿದ ಮಾತು. ಬಿಡು. ನಿನ್ನದು ಹೇಳು,” ಅಂದರು.

“ನಮ್ಮ ಜೀಪಿನಲ್ಲಿ ಒಬ್ಬ ಹೆಂಗಸು ತೀರಿಹೋದಳು ಸರ್.”

“ಏನಾಗಿತ್ತು?”

ಆಗ ನಾನು ನಮ್ಮೂರ ಮಾತನ್ನು ಇದ್ದದ್ದು ಇದ್ದ ಹಾಗೆಯೇ ಇಂಗ್ಲಿಷಿಗೆ ತಿರುಗಿಸಿದೆ. “ಅವಳಿಗೆ ಹುಳ ಮುಟ್ಟಿತ್ತು.”

ಅಧಿಕಾರಿಗೆ ನಗು ತಡೆಯಲಾಗಲಿಲ್ಲ. “ಹುಳ ಮುಟ್ಟಿದರೆ ಯಾರಾದರೂ ಸಾಯುತ್ತಾರೇನಮ್ಮ?”

ಸಿಟ್ಟು ಬಂದರೆ ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂಬುದು ಆ ದಿನ ಗೊತ್ತಾಯಿತು. “ಹಾವು ಸರ್,” ಅಂದೆ. “ನಮ್ಮ ಬೆಟ್ಟದಲ್ಲಿ ಹಾವಿಗೆ ಹುಳ ಅನ್ನುತ್ತಾರೆ. ಕಚ್ಚಿದರೆ ಕಚ್ಚಿತು ಅನ್ನುವುದಿಲ್ಲ, ಮುಟ್ಟಿತು ಅನ್ನುತ್ತಾರೆ. ಮೈಯಲ್ಲಿ ವಿಷ ಇರುವಾಗ ಅದರ ಹೆಸರು ಹೇಳಿದರೆ ವಿಷ ಏರುತ್ತದೆ ಅಂತ ನಂಬಿಕೆ. ನೀವು ನಗುತ್ತೀರಿ. ಅವತ್ತಿನ ಡಾಕ್ಟರೂ ನಕ್ಕರು.”

ಕತೆ ಪೂರ್ತಿ ಹೇಳು ಎಂದರು ಹಿರಿಯರು. ಇಂಗ್ಲಿಷಿನಲ್ಲಿ ಹೇಗೆ ಹೇಳಿದೆನೋ ಈಗ ನೆನಪಿಲ್ಲ. ನಡೆದದ್ದು ಹೀಗೆ.

ನನಗಾಗ ಹದಿಮೂರು ವರ್ಷ. ಶಾಲೆಗೆ ರಜೆ ಇದ್ದಾಗ ಅಬ್ಬನ ಜೊತೆ ಎಸ್ಟೇಟಿಗೆ ಹೋಗುತ್ತಿದ್ದೆ. ಆ ಮಳೆಗಾಲದ ಒಂದು ಬೆಳಿಗ್ಗೆ, ಆಳುಗಳ ಸಾಲುಮನೆ ‘ಲೈನಿ’ನಲ್ಲಿದ್ದ ಲಕ್ಕಯ್ಯ ತನ್ನ ಹೆಂಡತಿ ಲಿಂಗಮ್ಮನನ್ನು ಹೊತ್ತುಕೊಂಡು ಓಡಿಬಂದ. ಸೌದೆ ತೆಗೆಯುವಾಗ ಪಾದಕ್ಕೆ ಹುಳ ಮುಟ್ಟಿದೆ ಎಂದ. ಅಬ್ಬ ಮರುಮಾತಾಡದೆ ಜೀಪು ತೆಗೆದರು. ಲಿಂಗಮ್ಮನ ತಲೆ ನನ್ನ ತೊಡೆಯ ಮೇಲಿತ್ತು. ಘಟ್ಟದ ಆ ತಿರುವುಗಳಲ್ಲಿ ಅಬ್ಬ ಅಷ್ಟು ಜೋರಾಗಿ ಓಡಿಸಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಆಸ್ಪತ್ರೆ ಯಾವುದು, ಡಾಕ್ಟರು ಯಾರು ಎಂದು ನಾನು ಹೇಳುವುದಿಲ್ಲ. ದೂರದ ಸೀಮೆಯಿಂದ ಹೊಸದಾಗಿ ಬಂದಿದ್ದರು, ಕೆಟ್ಟವರಲ್ಲ. ಏನಾಯಿತು ಎಂದು ಕೇಳಿದರು. “ಹುಳ ಮುಟ್ಟೈತೆ ಸ್ವಾಮಿ,” ಎಂದ ಲಕ್ಕಯ್ಯ. ಅವರು ಲಿಂಗಮ್ಮನ ಕಾಲು ನೋಡಿದರು. ಮಳೆಗಾಲದಲ್ಲಿ ನಮ್ಮ ಕಡೆಯವರ ಕಾಲು ಹೇಗಿರುತ್ತದೆ? ಉಂಬಳ, ಅಂದರೆ ಕಾಡಿನ ಜಿಗಣೆ, ಹತ್ತಿ ರಕ್ತ ಹೀರಿದ ಹತ್ತಾರು ಗಾಯ. ಅದರ ನಡುವೆ ಆ ಎರಡು ಸಣ್ಣ ಚುಕ್ಕೆ ಯಾರ ಕಣ್ಣಿಗೆ ಬೀಳಬೇಕು? “ಇಷ್ಟಕ್ಕೇ ಹೊತ್ತುಕೊಂಡು ಬಂದೆಯಾ?” ಎಂದು ನಕ್ಕು, ಟಿಂಚರು ಹಚ್ಚಿಸಿ, ಎರಡು ಮಾತ್ರೆ ಕೊಟ್ಟು ಕಳಿಸಿದರು. ನಿದ್ದೆ ಬರುತ್ತದೆ ಎಂದಳು ಲಿಂಗಮ್ಮ. ಮಲಗಲಿ ಎಂದರು. ವಾಪಸು ಬರುವಾಗ ಅವಳಿಗೆ ರೆಪ್ಪೆ ಎತ್ತಲು ಆಗಲಿಲ್ಲ. ವನಗೂರು ಇನ್ನೂ ಎರಡು ಮೈಲಿ ಇದೆ ಎನ್ನುವಾಗ ಉಸಿರು ನಿಂತಿತು. ವಿಷಕ್ಕೆ ಕೊಡುವ ಇಂಜೆಕ್ಷನ್ ಆ ಆಸ್ಪತ್ರೆಯ ಬೀರುವಿನಲ್ಲೇ ಇತ್ತಂತೆ. ಕಾಂಪೌಂಡರು ಮರುವಾರ ಅಬ್ಬನಿಗೆ ಹೇಳಿದ.

“ನಿನಗೆ ಗೊತ್ತಿತ್ತಲ್ಲ. ನೀನು ಯಾಕೆ ಹೇಳಲಿಲ್ಲ?” ಎಂದು ಅಧಿಕಾರಿ ಕೇಳಿದರು. ಈಗ ಅವರ ಮುಖದಲ್ಲಿ ನಗುವಿರಲಿಲ್ಲ.

“ಹೆಸರು ಹೇಳಿದರೆ ಸತ್ತುಹೋಗುತ್ತಾಳೆ ಅಂತ ನಾನೂ ನಂಬಿದ್ದೆ ಸರ್.”

“ನೀವು ಮುಸಲ್ಮಾನರು. ನಿಮಗೂ ಆ ನಂಬಿಕೆ ಉಂಟೇ?”

“ಕಚ್ಚುವಾಗ ಅದು ಜಾತಿ ಕೇಳುವುದಿಲ್ಲ ಸರ್.” ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡೆ. ಆದರೆ ಮಾತು ಆಗಲೇ ಹೊರಗೆ ಬಿದ್ದಾಗಿತ್ತು. “ನನಗಾಗ ಇಂಗ್ಲಿಷ್ ಬಂದಿದ್ದರೆ ಇಂಗ್ಲಿಷಿನಲ್ಲಾದರೂ ಹೇಳುತ್ತಿದ್ದೆ. ವಿಷಕ್ಕೆ ಇಂಗ್ಲಿಷ್ ಗೊತ್ತಿಲ್ಲವಲ್ಲ.”

ಹಿರಿಯ ಡಾಕ್ಟರು ಕನ್ನಡಕ್ಕೆ ತಿರುಗಿದರು. ಅವರದು ಪುಸ್ತಕದಿಂದ ಕಲಿತ ಕನ್ನಡ. “ಇಂತಹ ಮಾತುಗಳು ಇನ್ನೂ ಇವೆಯೇ?”

“ಬಹಳ ಇವೆ ಸರ್. ನನಗಿಂತ ಅಬ್ಬನಿಗೆ ಗೊತ್ತು. ಹದಿನಾರು ವರ್ಷದಿಂದ ಕಾಯಿಲೆಯವರನ್ನು ಬೆಟ್ಟದಿಂದ ಇಳಿಸುತ್ತಿರುವವರು ಅವರೇ.”

“ಎಲ್ಲಿದ್ದಾರೆ?”

“ಹೊರಗೆ ನಿಂತಿದ್ದಾರೆ.”

“ಕರೆಯಿರಿ ಅವರನ್ನು.”

ಇನ್ನೂ ನಲವತ್ತು ಜನ ಕಾಯುತ್ತಿದ್ದಾರೆ ಎಂದು ಅಧಿಕಾರಿ ಗೊಣಗಿದರು. ಹಿರಿಯರು ಕಿವಿಗೆ ಹಾಕಿಕೊಳ್ಳಲಿಲ್ಲ. ಜವಾನ ಹೋಗಿ ಅಬ್ಬನನ್ನು ಕರೆತಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ ಅಬ್ಬನ ಮುಖ ಬಿಳಿಚಿಕೊಂಡಿತ್ತು. ಮಗಳು ಏನೋ ಎಡವಟ್ಟು ಮಾಡಿದ್ದಾಳೆ ಎಂದೇ ಅವರು ತಿಳಿದಿದ್ದರು. ನನ್ನ ನಾಲಗೆಯ ಮೇಲೆ ಅವರಿಗಿದ್ದ ವಿಶ್ವಾಸ ಅಷ್ಟು.

“ಕುಳಿತುಕೊಳ್ಳಿ,” ಎಂದರು ಹಿರಿಯ ಡಾಕ್ಟರು. ಅಬ್ಬ ಕುರ್ಚಿಯ ಅಂಚಿಗೆ ಕುಳಿತರು. “ನಿಮ್ಮ ಜೀಪು ಹತ್ತುವವರು ತಮ್ಮ ಕಾಯಿಲೆಯನ್ನು ಯಾವ ಮಾತಿನಲ್ಲಿ ಹೇಳುತ್ತಾರೋ ಅದೇ ಮಾತಿನಲ್ಲಿ ನನಗೆ ಹೇಳಿ. ನಾನು ಬರೆದುಕೊಳ್ಳುತ್ತೇನೆ.” ಹೀಗೆಂದು ಕಾಗದ ಎಳೆದುಕೊಂಡು ಪೆನ್ಸಿಲು ಹಿಡಿದರು.

ಅಬ್ಬ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ.

“ಅಮ್ಮ ಬಂದವ್ಳೆ ಅಂದ್ರೆ ಸಿಡುಬು ಸಾಹೇಬ್ರೆ. ಅವ್ರು ಇಳ್ದ್ ಮೇಲೆ ಸೀಟ್ ತೊಳೀಬೇಕು. ದೊಡ್ಡ್ ರೋಗ ಅಂದ್ರೆ ಕುಷ್ಠ. ಅವ್ರು ತಾವಾಗೇ ಹೇಳಕಿಲ್ಲ, ಕೈ ಮುಚ್ಕಂಡಿರ್ತಾರೆ. ಮಗೀಗೆ ಗಾಳಿ ಸೋಕೈತೆ ಅಂದ್ರೆ ಜ್ವರ ತಲೆಗೇರಿ ಕೈಕಾಲು ಅದುರ್ತಾ ಇರ್ತದೆ. ಆಗ ನಾ ಎಲ್ಲೂ ನಿಲ್ಸಕಿಲ್ಲ.”

ಮೊದಮೊದಲು ತೊದಲಿದ ಅಬ್ಬ ಬರಬರುತ್ತಾ ಘಟ್ಟದ ತಿರುವಿನಲ್ಲಿ ಗೇರು ಬದಲಿಸುವಷ್ಟು ಸರಾಗವಾಗಿ ಹೇಳತೊಡಗಿದರು. ಬಿಸಿಲೆ ಘಟ್ಟದ ಕಡೆಯವರು ಒಂದು ಹೇಳಿದರೆ ಆಲೂರಿನ ಬಯಲಿನವರು ಇನ್ನೊಂದು ಹೇಳುತ್ತಾರೆ ಎಂದರು. ನಾನು ದಂಗಾಗಿ ಕುಳಿತಿದ್ದೆ. ಈ ಮನುಷ್ಯನಿಗೆ ಬರುವುದು ಕ್ಲಚ್ಚು, ಬ್ರೇಕು ಅಷ್ಟೇ ಎಂದು ನಾನು ಹದಿನೇಳು ವರ್ಷ ತಿಳಿದಿದ್ದೆನಲ್ಲ. ಮೈಸೂರಿನ ದೊಡ್ಡ ಡಾಕ್ಟರು ಒಂದೊಂದೇ ಮಾತು ಬರೆದುಕೊಳ್ಳುತ್ತಿದ್ದರು. ಅಧಿಕಾರಿಯೂ ಕೆಂಪು ಪೆನ್ಸಿಲು ಕೆಳಗಿಟ್ಟು ಕೇಳುತ್ತಿದ್ದರು.

ಒಂದು ಕಡೆ ಅಬ್ಬ ತಡೆದು, ನನ್ನ ಕಡೆ ನೋಡದೆ, ಕಿಟಕಿಗೆ ಮುಖ ಮಾಡಿ ಹೇಳಿದರು. “ಹೊರಗಾಗವ್ಳೆ ಅಂದ್ರೆ... ಅದು ಹೆಂಗಸ್ರ ತಿಂಗಳಿಂದು ಸಾಹೇಬ್ರೆ. ಹೊರ್ಕಡೆ ಆಯ್ತಾ ಐತೆ ಅಂದ್ರೆ ಭೇದಿ.”

ಮಗಳ ಎದುರು ಅಂಥ ಮಾತನ್ನು ಅವರು ಜೀವಮಾನದಲ್ಲಿ ಆಡಿದ್ದು ಅದೊಂದೇ ಸಲ. ಹಿರಿಯ ಡಾಕ್ಟರು ಬರೆದುಕೊಂಡು, ಸರಿಯಾಗಿದೆಯೇ ಎಂದು ಗಟ್ಟಿಯಾಗಿ ಓದಿದರು. “ಹೊರಗಾಗಿದ್ದಾಳೆ, ಎಂದರೆ ಭೇದಿ.”

ಅಬ್ಬನ ಬಾಯಿ ತೆರೆಯಿತು. ಮತ್ತೆ ಮುಚ್ಚಿತು.

ಆ ಮುಚ್ಚಿದ ಬಾಯಿಯನ್ನು ನಾನು ಮೊದಲೂ ನೋಡಿದ್ದೆ. ನಾಲ್ಕು ವರ್ಷದ ಹಿಂದೆ, ಆ ಆಸ್ಪತ್ರೆಯಲ್ಲಿ, ಡಾಕ್ಟರು ಟಿಂಚರು ಹಚ್ಚಿಸುತ್ತಿದ್ದಾಗ ಅಬ್ಬ ಹೀಗೆಯೇ ಬಾಯಿ ತೆರೆದು ಮುಚ್ಚಿದ್ದರು. ಅವರಿಗೂ ಗೊತ್ತಿತ್ತು. ನಮ್ಮ ಮನೆಯಲ್ಲಿ ಆ ಮಾತು ಯಾವತ್ತೂ ಬರಲಿಲ್ಲ. ಆದರೆ ಆ ದಿನದಿಂದ ಅವರು ಜೀಪಿನಲ್ಲಿ ಹಾಡು ಗುನುಗುವುದನ್ನು ಬಿಟ್ಟಿದ್ದರು. ಈಗ ನಾನೇ ಹೇಳಿಬಿಡಲೇ ಎಂದು ನಾಲಗೆ ತುರಿಸಿತು. ಹೇಳಲಿಲ್ಲ. ನಾನು ಹೇಳಿದರೆ ಅದು ನನ್ನ ಮಾತಾಗುತ್ತದೆ ಅನ್ನಿಸಿತು. ಸೀಟು ಹೋದರೂ ಹೋಗಲಿ, ಈ ಮನುಷ್ಯ ಈ ಒಂದು ಮಾತು ಹೇಳಿಬಿಡಲಿ ಎಂದು ಅಲ್ಲಾಹನನ್ನು ಬೇಡಿಕೊಂಡೆ.

“ತಪ್ಪು ಸಾಹೇಬ್ರೆ,” ಎಂದರು ಅಬ್ಬ.

ಅಧಿಕಾರಿ ಸರಕ್ಕನೆ ತಲೆಯೆತ್ತಿದರು. ಅಬ್ಬ ಕುರ್ಚಿಯಿಂದ ಎದ್ದು ನಿಂತಿದ್ದರು. ದನಿ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. “ತಪ್ಪು ಬರ್ಕಂಡ್ರಿ. ಅದ್ ಬೇರೆ, ಇದ್ ಬೇರೆ. ಹಿಂಗೇ ಬುಟ್ರೆ ತಪ್ಪು ಔಷ್ದಿ ಕೊಟ್ಬುಡ್ತೀರ.”

ಹಿರಿಯ ಡಾಕ್ಟರು ಕಾಗದ ನೋಡಿದರು. ಮೇಜಿನ ಮೇಲಿದ್ದ ರಬ್ಬರು ತೆಗೆದುಕೊಂಡು ಆ ಸಾಲನ್ನು ಅಳಿಸಿದರು. ಅಳಿಸಿದ ಪುಡಿಯನ್ನು ಊದಿ, ಅಬ್ಬನಿಂದ ಇನ್ನೊಂದು ಸಲ ಹೇಳಿಸಿ, ನಿಧಾನವಾಗಿ ಮತ್ತೆ ಬರೆದರು. ಓದಿ ತೋರಿಸಿದರು. “ಈಗ ಸರಿಯೇ?”

“ಈಗ ಸರಿ,” ಎಂದರು ಅಬ್ಬ.

ಆಮೇಲೆ ನಲವತ್ತು ವರ್ಷ ನಾನು ಡಾಕ್ಟರಿಕೆ ಮಾಡಿದೆ. ಮಿಡಿಯುವ ಹೃದಯವನ್ನು ಕೈಯಳತೆಯಲ್ಲಿ ನೋಡಿದ್ದೇನೆ. ಸತ್ತೇಹೋಯಿತು ಎಂದು ಬಟ್ಟೆ ಸುತ್ತಿಟ್ಟ ಕೂಸು ಅತ್ತದ್ದನ್ನು ಕೇಳಿದ್ದೇನೆ. ಆದರೆ ಒಬ್ಬ ದೊಡ್ಡ ಡಾಕ್ಟರು ಒಬ್ಬ ಜೀಪು ಡ್ರೈವರನ ಮಾತಿಗೆ ತಾವು ಬರೆದದ್ದನ್ನು ಅಳಿಸಿದರಲ್ಲ, ಅದನ್ನು ನೋಡುವಾಗ ಮೈಯೆಲ್ಲ ನವಿರೆದ್ದ ಹಾಗೆ ಇನ್ನೆಂದೂ ಏಳಲಿಲ್ಲ. ಇಂಥ ಕೋಣೆಯೂ ಪ್ರಪಂಚದಲ್ಲಿ ಇದೆಯೇ ಎಂದು ಬೆರಗಿನಿಂದ ಕುಳಿತೇ ಇದ್ದೆ. ಏಳಮ್ಮ, ಆಯಿತು ಎಂದು ಜವಾನ ಬಂದು ಹೇಳಬೇಕಾಯಿತು.

ಮೂರು ವಾರದ ಮೇಲೆ ಕಾರ್ಡು ಬಂತು. ಪಟ್ಟಿಯಲ್ಲಿ ಕೊನೆಯಿಂದ ಎರಡನೆಯ ಹೆಸರು ನನ್ನದು. ಚಂದ್ರಯ್ಯನವರು ಅದು ತಮ್ಮ ‘ಟ್ರಾನ್ಸ್‌ಪೋರ್ಟ್’ ಮಹಿಮೆ ಎಂದು ಇಡೀ ಎಸ್ಟೇಟಿಗೆ ಸಾರಿಕೊಂಡು ಬಂದರು. ಅಮ್ಮಿ ಅತ್ತರು, ನಕ್ಕರು, ನಜೀರನ ಸಂಬಂಧ ಬೇಡವೆಂದು ಆಲೂರಿಗೆ ಹೇಳಿಕಳಿಸಿದರು. ಅಬ್ಬ ಮಾತ್ರ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು, “ಬಾ,” ಎಂದು ನನ್ನನ್ನು ಜೀಪು ಹತ್ತಿಸಿಕೊಂಡು ಸೀದಾ ವನಗೂರಿಗೆ ಹೊರಟರು.

ಲಕ್ಕಯ್ಯ ಲೈನಿನ ಜಗಲಿಯಲ್ಲಿ ಕುಳಿತು ಕತ್ತಿ ಮಸೆಯುತ್ತಿದ್ದ. ಅಬ್ಬ ಅವನ ಎದುರು ಕುಕ್ಕರಗಾಲಿನಲ್ಲಿ ಕುಳಿತು ಕಾರ್ಡು ತೋರಿಸಿದರು. ಮಗಳಿಗೆ ಡಾಕ್ಟರ ಓದು ಸಿಕ್ಕಿತು ಎಂದರು. ಆಮೇಲೆ ತಲೆ ತಗ್ಗಿಸಿದರು.

“ಲಕ್ಕಯ್ಯ, ನಿಂಗೆ ಒಂದ್ ಮಾತ್ ಹೇಳ್ಬೇಕು. ಅವತ್ತು ಆ ಡಾಕ್ಟ್ರು ಉಂಬಳ ಅಂತ ತಿಳ್ಕಂಡವ್ರೆ ಅಂತ ನಂಗೆ ಅಲ್ಲೇ ಗೊತ್ತಾಯ್ತು. ಗೊತ್ತಿದ್ದೂ ಬಾಯ್ ಬಿಡ್ನಿಲ್ಲ ನಾನು. ಕುರ್ಚಿ ಮೇಲ್ ಕೂತೋರಿಗೆ ತಿಳೀದೇ ಇರ್ತದಾ ಅಂತ ಸುಮ್ನಾಗ್ಬುಟ್ಟೆ.”

ಲಕ್ಕಯ್ಯ ಕತ್ತಿ ಕೆಳಗಿಟ್ಟ. ಅವನು ಬೈಯುತ್ತಾನೆ, ಇಲ್ಲವೇ ಎದ್ದು ಒಳಗೆ ಹೋಗುತ್ತಾನೆ ಎಂದುಕೊಂಡೆ. ಅವನು ಅಬ್ಬನ ಮೊಣಕಾಲ ಮೇಲೆ ಕೈಯಿಟ್ಟ.

“ನಂಗೂ ಗೊತ್ತಾಗಿತ್ತು ಮಾರಾಯ,” ಎಂದ. “ಹೆಸ್ರು ಹೇಳಿದ್ರೆ ಎಲ್ಲಿ ಹೋಗ್ಬುಡ್ತಾಳೋ ಅಂತ ನಾನೇ ಸುಮ್ಕಿದ್ದೆ. ನನ್ ಹೆಂಡ್ತಿ ಅವ್ಳು. ನಾನೇ ಹೇಳ್ನಿಲ್ಲ, ನೀನೇನ್ ಹೇಳೀಯ.”

ಮಳೆ ಹನಿಯತೊಡಗಿತ್ತು. ಲಕ್ಕಯ್ಯ ನನ್ನ ಕಡೆ ತಿರುಗಿದ.

“ನೋಡವ್ವ, ನೀನು ಡಾಕ್ಟ್ರಾದ್ ಮೇಲೆ ನಮ್ಮಂತೋರು ಬತ್ತೀವಿ. ಏನೋ ಒಂದ್ ಹೇಳ್ಬುಟ್ಟು ಸುಮ್ಕೆ ನಿಂತ್ಕತೀವಿ. ಬೈಬ್ಯಾಡ ಕಣವ್ವ. ಇನ್ನೊಂದ್ ಸಲ ಕೇಳು.”